ಮಡಚುವ ಸೈಕಲ್: ಓಡಿಸುವ ಮೊದಲು ಎತ್ತಿ ನೋಡಿ

ಸೈಕಲ್ ಕೊಳ್ಳಲು ಹೋದವರು ಮೊದಲು ಹತ್ತಿ ಒಂದು ರೌಂಡ್ ಹೊಡೆಯುತ್ತಾರೆ. ಮಡಚುವ ಸೈಕಲ್ ಆದರೆ ಅದು ಆಮೇಲೆ. ಮೊದಲು ಮಡಚಿ, ಒಂದೇ ಕೈಯಲ್ಲಿ ಎತ್ತಿಕೊಂಡು ಹತ್ತು ಮೆಟ್ಟಿಲು ಹತ್ತಿ ನೋಡಿ. ಇವುಗಳ ತೂಕ ಸಾಮಾನ್ಯವಾಗಿ 10ರಿಂದ 14 ಕೆ.ಜಿ. ಎರಡು ಕೆ.ಜಿ. ಹೆಚ್ಚಾದರೇನು ಅನ್ನಬೇಡಿ, ಮೂರನೇ ಮಹಡಿಗೆ ಹೊತ್ತಾಗ ಗೊತ್ತಾಗುತ್ತದೆ.

ಅಂಗಡಿಗೆ ಹೊರಡುವ ಮುಂಚೆ ಟೇಪು ಹಿಡಿದು, ಸೈಕಲ್ ಇಡುವ ಜಾಗ ಅಳೆಯಿರಿ. ಕಾರಿನ ಡಿಕ್ಕಿಯೋ, ಬಾಗಿಲ ಹಿಂದಿನ ಮೂಲೆಯೋ, ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ.

ಇನ್ನು ಚಕ್ರ. ಹೆಚ್ಚಾಗಿ ಸಿಗುವುದು 16 ಮತ್ತು 20 ಇಂಚಿನವು. 16 ಇಂಚಿನದು ಪುಟ್ಟದಾಗಿ ಮಡಚಿಕೊಳ್ಳುತ್ತದೆ. ಲಂಡನ್ನಿನ ಬ್ರಾಂಪ್ಟನ್ ಕಂಪನಿಯ ಸೈಕಲ್ ಮಡಚಿದರೆ ಉದ್ದ ಸುಮಾರು 60 ಸೆಂ.ಮೀ. ಅಷ್ಟೆ. ಆದರೆ ಚಕ್ರ ಚಿಕ್ಕದಾದಷ್ಟೂ ಗುಂಡಿ ದೊಡ್ಡದು! ದಿನಾ ರೈಲು ಹತ್ತಿಸುವ ಗೋಜಿಲ್ಲ, ಸುಮ್ನೆ ಸಂಜೆ ಸುತ್ತಾಡಲು ಅಂದರೆ 20 ಇಂಚೇ ಸರಿ. ಒಂದು ವಿಷಯ ಗಮನದಲ್ಲಿರಲಿ: 20 ಇಂಚಿನಲ್ಲೇ ಎರಡು ಅಳತೆಗಳಿವೆ. ಟಯರಿನ ಪಕ್ಕದಲ್ಲಿ 406 ಅಥವಾ 451 ಎಂದು ಅಚ್ಚಾಗಿರುತ್ತದೆ. ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. 406 ಆದರೆ ಅಗಲದ ಟಯರು ಸುಲಭವಾಗಿ ಸಿಗುತ್ತದೆ, ಸೊಂಟಕ್ಕೂ ಒಳ್ಳೆಯದು.

ಈಗ ನಿಧಾನಿಸಿ, ಕೀಲು ನೋಡಿ. ಮಡಚುವ ಸೈಕಲ್ಲಿನ ಜೀವವೇ ಅದು. ಲಾಕು ಹಾಕುವಾಗ ಸ್ವಲ್ಪ ಬಿಗಿ ಅನಿಸಬೇಕು. ತಾನಾಗಿ ತೆರೆದುಕೊಳ್ಳದಂತೆ ತಡೆಯುವ ಚಿಕ್ಕ ಕೊಂಡಿಯೂ ಇರಬೇಕು. ಆಮೇಲೆ ಪಕ್ಕದಲ್ಲಿ ನಿಂತು, ಮುಂದಿನ ಬ್ರೇಕು ಬಿಗಿಯಾಗಿ ಹಿಡಿದು, ಹ್ಯಾಂಡಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳುಗಳು ಕೀಲಿನ ಸಂದಿಯ ಮೇಲಿರಲಿ. ಹ್ಯಾಂಡಲಿನ ಕಂಬ ಉದ್ದ, ಹಾಗಾಗಿ ಕೊಂಚ ಬಾಗುವುದು ಸಹಜ. ಆದರೆ ಬೆರಳಿಗೆ 'ಟಕ್' ಅಂತ ತಾಗಿದರೆ ಕೀಲು ಸಡಿಲವಾಗಿದೆ. ಅಲ್ಲೇ ಬಿಗಿ ಮಾಡಿಸಿ. ಆಗಲೂ ನಿಲ್ಲದಿದ್ದರೆ ಬೇರೆ ಸೈಕಲ್ ತೋರಿಸಿ ಅನ್ನಿ.

ಮಡಚಿದಾಗ ಚೈನು ಒಳಮುಖವಾಗಿದೆಯೇ? ನನ್ನ ಮೊದಲ ಸೈಕಲ್ಲಿನದು ಹೊರಮುಖ. ಒಂದು ಬಿಳಿ ಪ್ಯಾಂಟು ಅದಕ್ಕೇ ಬಲಿಯಾಯಿತು.

ಗೇರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಮತಟ್ಟಾದ ರಸ್ತೆಗೆ ಒಂದೇ ಸಾಕು, ಅಲ್ಲಲ್ಲಿ ಏರು ಇದ್ದರೆ ಮೂರು. ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಗೇರು ಇರುವುದಾದರೆ, ಎತ್ತಿಡುವಾಗ ತಗುಲಿ ಬಾಗುವ ಭಾಗ ಹೊರಗೆ ನೇತಾಡುವುದಿಲ್ಲ.

ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ. ಕಾಲು ನೇರವಾಗಬೇಕು. ಅಷ್ಟು ಎತ್ತರಕ್ಕೆ ಏರಿಸಿದಾಗ, ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಸೀಟಿನ ಕಂಬದ ಮೇಲೆ ಹಾಕಿರುವ ಎಚ್ಚರಿಕೆಯ ಗೆರೆ ಹೊರಗೆ ಕಂಡರೆ ಆ ಸೈಕಲ್ ನಿಮಗೆ ಚಿಕ್ಕದು. ಎಷ್ಟು ಭಾರ ತಡೆಯುತ್ತದೆ ಎಂದೂ ಕೇಳಿ. ನಿಮ್ಮ ತೂಕಕ್ಕೆ ಬ್ಯಾಗಿನದ್ದೂ ಸೇರಿಸಿ.

ಈಗ ಓಡಿಸಿ. ಹ್ಯಾಂಡಲ್ ತುಂಬಾ ಚುರುಕು, ಮುಟ್ಟಿದರೆ ತಿರುಗುತ್ತದೆ. ಚಿಕ್ಕ ಚಕ್ರದ ಸ್ವಭಾವವೇ ಅದು, ಹತ್ತು ನಿಮಿಷದಲ್ಲಿ ಕೈಗೆ ಒಗ್ಗುತ್ತದೆ.

ಕೊನೆಗೆ, ಅಂಗಡಿಯವರನ್ನು ದೂರ ನಿಲ್ಲಿಸಿ, ನೀವೇ ಎರಡು ಸಲ ಮಡಚಿ ಬಿಚ್ಚಿ. ಹಾಗೆಯೇ ಸೀಟಿನ ಕಂಬಕ್ಕೆ ನಿಮಗೆ ಹೊಂದುವ ಎತ್ತರದಲ್ಲಿ ಒಂದು ಸುತ್ತು ಟೇಪು ಅಂಟಿಸಿಬಿಡಿ. ಇಲ್ಲದಿದ್ದರೆ ಪ್ರತಿ ಸಲ ಬಿಚ್ಚಿದಾಗಲೂ ಸೀಟನ್ನು ಮೇಲೆ ಕೆಳಗೆ ಮಾಡುತ್ತಾ ನಿಲ್ಲಬೇಕಾಗುತ್ತದೆ.