ಮೀನು ಹೊತ್ತ ಓಮ್ನಿಗೆ ಹೊಸ ಬ್ರ್ಯಾಕೆಟ್

ನಮ್ಮ ಓಮ್ನಿ 2006ರದ್ದು. ನನ್ನ ಕೈಗೆ ಬರುವ ಮೊದಲು ಅದು ಮಲ್ಪೆಯಿಂದ ಮೀನು ಸಾಗಿಸುತ್ತಿತ್ತಂತೆ. ಸೀಟ್ ಕವರ್ ಬದಲಿಸಿದರೂ ಮಳೆಗಾಲದಲ್ಲಿ ಬಂಗುಡೆ ವಾಸನೆ ಈಗಲೂ ಉಂಟು. ವಾಸನೆಯನ್ನಾದರೂ ಸಹಿಸಬಹುದು. ಐಸ್ ಕರಗಿದ ಉಪ್ಪುನೀರು ಎಷ್ಟು ವರ್ಷ ಫ್ಲೋರಿನ ಸಂದಿಯಿಂದ ಕೆಳಗೆ ಇಳಿದಿದೆ ಅಂತ ಗೊತ್ತಾದದ್ದು ಕಳೆದ ಜನವರಿಯಲ್ಲಿ.

ಸಂತೆಕಟ್ಟೆ ಹತ್ತಿರ ಹಂಪ್ ದಾಟುವಾಗ ಹಿಂದಿನ ಎಡಗಡೆಯಿಂದ 'ಟಕ್' ಅಂತ ಶಬ್ದ. ಸ್ಪ್ರಿಂಗ್ ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ ಹೋಗಿರಬೇಕು ಅಂದುಕೊಂಡೆ. ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ನುಗ್ಗಿದೆ. ಲೀಫ್ ಸ್ಪ್ರಿಂಗಿನ (ಗಾಡಿಯ ಹಿಂಭಾಗದ ಭಾರ ಹೊರುವ ಉಕ್ಕಿನ ಪಟ್ಟಿ) ಮುಂದಿನ ತುದಿಯನ್ನು ಹಿಡಿಯುವ ಬ್ರ್ಯಾಕೆಟ್ ನೋಡಲು ಚೆನ್ನಾಗಿಯೇ ಇತ್ತು. ಕಪ್ಪಗೆ ಅಂಡರ್‌ಕೋಟ್ ಬಳಿದಿದ್ದರು. ಸುತ್ತಿಗೆಯಿಂದ ತಟ್ಟಿದರೆ 'ಠಣ್' ಅನ್ನುವ ಬದಲು 'ಡಬ್' ಅಂತು. ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೂ ಒಳಗೆ ಹೋಯಿತು! ಅಂಡರ್‌ಕೋಟ್ ಕೆಳಗೆ ಪುಟ್ಟಿ, ಪುಟ್ಟಿ ಕೆಳಗೆ ನಾಲ್ಕು ಟಾಕ (ಚುಕ್ಕೆಯಂಥ ವೆಲ್ಡ್) ಹೊಡೆದ ತೆಳ್ಳಗಿನ ತಗಡು. ಮಾರುವುದಕ್ಕೆಂದೇ ಮಾಡಿದ ಕೆಲಸ. ಬೈದು ಎಂತ ಮಾಡುವುದು, ಕೆಳಗೆ ಬಗ್ಗಿ ನೋಡದೆ ತೆಗೆದುಕೊಂಡವನು ನಾನೇ ಅಲ್ವಾ?

ಆ ಬ್ರ್ಯಾಕೆಟ್ ಸುಮ್ನೆ ಭಾರ ಹೊರುವುದಲ್ಲ. ಬ್ರೇಕ್ ಹಾಕಿದಾಗಿನ ಎಳೆತವೂ ಅದರ ಮೇಲೆಯೇ. ಅದು ಕಿತ್ತು ಬಂದರೆ ಆಕ್ಸಲ್ ಒಂದು ಬದಿಗೆ ಸರಿದು ಗಾಡಿ ತಾನಾಗಿ ತಿರುಗುತ್ತದೆ. ಹೆದ್ದಾರಿ 66ರಲ್ಲಿ ಹಾಗಾದರೆ ಯೋಚಿಸುವುದೇ ಬೇಡ.

ನನ್ನ ಭಾವ ಬೋಟ್ ವೆಲ್ಡಿಂಗ್ ಮಾಡಿದವರು. ಮೆಷಿನ್ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ: "ಮೆಷಿನ್ ಕೊಡುತ್ತೇನೆ ಮಾರಾಯ. ಆದರೆ ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸು. ತುಕ್ಕಿಗೆ ವೆಲ್ಡ್ ಹೊಡೆದರೆ ತುಕ್ಕೇ ಗಾಡಿ ಹೊರಬೇಕಾಗುತ್ತದೆ." ಇನ್ನೊಂದು ಮಾತನ್ನೂ ಸೇರಿಸಿದರು: ಲೀಫ್ ಪ್ಲೇಟಿಗೆ ಮಾತ್ರ ವೆಲ್ಡಿಂಗ್ ಟಾರ್ಚ್ ತಾಗಿಸಬೇಡ. ಅದು ಹದ ಹಾಕಿದ ಉಕ್ಕು, ಕಾಯಿಸಿದರೆ ಹದ ಹೋಗಿ ವೆಲ್ಡಿನ ಪಕ್ಕದಲ್ಲೇ ಮುರಿಯುತ್ತದೆ. ಮುಂದಿನ ಚಕ್ರಗಳನ್ನು ಹಿಡಿಯುವ ಲೋವರ್ ಆರ್ಮ್‌ಗಳೂ ತುಕ್ಕು ಹಿಡಿದಿದ್ದವು. ಅವಕ್ಕೆ ವೆಲ್ಡ್ ಮಾಡದೆ ಹೊಸದೇ ಹಾಕಿದೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತರೂ ಪಾರ್ಟ್ಸಿಗೆ ನನಗೆ ತೊಂದರೆ ಆಗಲಿಲ್ಲ.

ಓಮ್ನಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ಫ್ಲೋರಿಗೇ ಸೇರಿದ ಪೆಟ್ಟಿಗೆಯಂಥ ರೈಲ್. ಆದ್ದರಿಂದ ಕತ್ತರಿಸುವ ಮೊದಲು ಅಳತೆಗೇ ಅರ್ಧ ದಿನ ಹೋಯಿತು. ಸ್ಪ್ರಿಂಗ್ ಬೋಲ್ಟಿನ ತೂತಿನ ನಡುವಿನಿಂದ ಮುಂದಿನ ಒಂದು ಗಟ್ಟಿ ಬಿಂದುವಿಗೆ ಎಡದಲ್ಲಿ, ಬಲದಲ್ಲಿ, ಮತ್ತೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು, ಎಲ್ಲವನ್ನೂ ಫ್ಲೋರಿನ ಮೇಲೆಯೇ ಚಾಕ್‌ನಲ್ಲಿ ಬರೆದೆ. ಬ್ರ್ಯಾಕೆಟ್ 5 ಮಿ.ಮೀ. ಸರಿದರೂ ಆಕ್ಸಲ್ ಓರೆಯಾಗಿ ಗಾಡಿ ಏಡಿಯ ಹಾಗೆ ನಡೆಯುತ್ತದೆ.

ಗ್ರೈಂಡರ್ ಹಿಡಿದ ಮೇಲೆ ಅಂಗೈ ಅಗಲದ ತೂತು ಅಂದುಕೊಂಡದ್ದು ಒಂದು ಗೇಣಾಯಿತು. ರೈಲ್ ಒಳಗಿಂದ ಮಣ್ಣು, ಉಪ್ಪು, ತುಕ್ಕಿನ ಪದರಗಳು ಹಪ್ಪಳದ ಹಾಗೆ ಉದುರಿದವು. ಕಬ್ಬಿಣ ಹೊಳೆಯುವವರೆಗೆ, ತಟ್ಟಿದರೆ 'ಠಣ್' ಅನ್ನುವವರೆಗೆ ಕತ್ತರಿಸಿದೆ. ತುಂಡಿನ ಅಚ್ಚಿಗೆ ಸಿಕ್ಕಿದ್ದು ಒಂದು ಹಳೆ ಮದುವೆ ಕಾಗದ. ಒಳ್ಳೆಯ ದಪ್ಪ ರಟ್ಟು, ಮಡಿಸಿದರೆ ಗೀಟು ನಿಲ್ಲುತ್ತದೆ. ವಧೂವರರ ಹೆಸರು ಒಳಬದಿಗೆ ಮಾಡಿ ಕತ್ತರಿಸಿ, ಅದನ್ನು 2 ಮಿ.ಮೀ. ಎಂಎಸ್ (ಸಾದಾ ಉಕ್ಕಿನ) ಶೀಟಿನ ಮೇಲಿಟ್ಟು ಗೀಟು ಹಾಕಿದೆ. ಮನೆಯಲ್ಲಿ ಜಿಐ (ಸತು ಲೇಪಿಸಿದ) ಶೀಟ್ ಇತ್ತು, ಮುಟ್ಟಲಿಲ್ಲ. ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ ಬರಬಹುದು.

ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಬ್ರೇಕ್ ಪೈಪನ್ನು ಬದಿಗೆ ಸರಿಸಿದೆ, ರಬ್ಬರ್ ಬುಷ್ ತೆಗೆದೆ. ಅರ್ಥಿಂಗ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಿದೆ. ದೂರ ಹಿಡಿಸಿದರೆ ಕರೆಂಟ್ ವೀಲ್ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡಬಹುದು. ಬ್ರ್ಯಾಕೆಟಿನ ಎರಡು ಕೆನ್ನೆಗಳ ತೂತಿಗೂ ಒಂದೇ ಉದ್ದ ಬೋಲ್ಟ್ ತೂರಿಸಿಟ್ಟೆ. ಆಗ ಕಾವಿಗೆ ತಗಡು ಎಳೆದರೂ ತೂತುಗಳು ಒಂದಕ್ಕೊಂದು ತಪ್ಪುವುದಿಲ್ಲ.

ಮೊದಲ ದಿನ ಶುರು ಮಾಡುವಾಗ ಮಧ್ಯಾಹ್ನ. ಭಾವನ ಮಿಗ್ (ವಯರ್ ತಾನಾಗಿ ಬರುವ ವೆಲ್ಡಿಂಗ್) ಮೆಷಿನ್, 0.8 ಮಿ.ಮೀ. ವಯರ್, ವೆಲ್ಡಿಗೆ ಗಾಳಿ ತಾಗದ ಹಾಗೆ ಕಾಯುವ ಸಿಒಟು ಗ್ಯಾಸ್. ಎಲ್ಲಾ ಸರಿ. ಆದರೆ ವೆಲ್ಡ್ ಮಾತ್ರ ನೀರ್‌ದೋಸೆಯ ಹಾಗೆ ತೂತು ತೂತು. ವೋಲ್ಟೇಜ್ ತಿರುಗಿಸಿದೆ, ವಯರ್ ಸ್ಪೀಡ್ ಬದಲಿಸಿದೆ, ಮೆಷಿನಿಗೂ ಬೈದೆ. ಕೊನೆಗೆ ಹೊಳೆದದ್ದು, ಪಡುಗಾಳಿ! ಮಧ್ಯಾಹ್ನ ಸಮುದ್ರದ ಕಡೆಯಿಂದ ಬೀಸುವ ಗಾಳಿ ಗ್ಯಾಸನ್ನೇ ಹಾರಿಸಿಕೊಂಡು ಹೋಗುತ್ತಿತ್ತು. ಅಷ್ಟನ್ನೂ ಗ್ರೈಂಡ್ ಮಾಡಿ ತೆಗೆದು, ಮರುದಿನ ಬೆಳಿಗ್ಗೆ ಆರೂವರೆಗೆ ಕುಳಿತೆ. ಟಾರ್ಪಾಲ್ ಅಡ್ಡ ಕಟ್ಟಿದೆ. ಅದೇ ಸೆಟ್ಟಿಂಗ್, ಹೆಂಚು ಜೋಡಿಸಿದ ಹಾಗೆ ಸಾಲಾಗಿ ಬಂತು. ಗಾಡಿ ಕೆಡಿಸಿದ್ದೂ ಸಮುದ್ರ, ವೆಲ್ಡ್ ಕೆಡಿಸಿದ್ದೂ ಸಮುದ್ರ.

ಒಂದೇ ಸಲ ಉದ್ದಕ್ಕೆ ಹೊಡೆಯಲಿಲ್ಲ. ಮೊದಲು ಟಾಕ, ಮತ್ತೆ ಅಳತೆ, ಆಮೇಲೆ ಇಲ್ಲೊಂದು ಇಂಚು, ಅಲ್ಲೊಂದು ಇಂಚು. ಮಧ್ಯದಲ್ಲಿ, ನೀರಿನ ಬಕೆಟ್ ಹಿಡಿದು ಗಾಡಿಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೂಗಿದಳು, "ರೀ, ಒಳಗೆ ಹೊಗೆ!" ಕಾರ್ಪೆಟ್ ತೆಗೆದಿದ್ದೆ, ಆದರೆ ಫ್ಲೋರಿಗೆ ಅಂಟಿಸಿದ್ದ ಡಾಂಬರಿನ ಶೀಟ್ ಮರೆತಿದ್ದೆ. ಒಂದು ಚೆಂಬು ನೀರಲ್ಲಿ ಮುಗಿಯಿತು. ಕೆಳಗೆ ಮಲಗಿದವನಿಗೆ ಅದು ಕಾಣುವುದೇ ಇಲ್ಲ. ಒಬ್ಬರೇ ಇರುವಾಗ ಈ ಕೆಲಸಕ್ಕೆ ಇಳಿಯಬೇಡಿ.

ಉಳಿದದ್ದು ಬೇಗ ಆಯಿತು. ಹೊರಗೆ ಜಿಂಕ್ ಪ್ರೈಮರ್, ಮೇಲೆ ಪೇಂಟ್. ರೈಲ್ ಒಳಗೆ ಉದ್ದ ನಳಿಗೆಯಿಂದ ವ್ಯಾಕ್ಸ್ ಸ್ಪ್ರೇ ಮಾಡಿದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ನೀರು ಇಳಿಯುವ ಸಣ್ಣ ತೂತುಗಳನ್ನು ಮುಚ್ಚಲಿಲ್ಲ. ನಮ್ಮಲ್ಲಿ ಕೆಲವರು ಗಾಡಿಯ ಕೆಳಭಾಗಕ್ಕೆ ಹಳೆ ಇಂಜಿನ್ ಆಯಿಲ್ ಹೊಡೆಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ, ರಬ್ಬರ್ ಬುಷ್ ಉಬ್ಬುತ್ತದೆ, ಅಂಗಳದ ಬಾವಿಗೂ ಒಳ್ಳೆಯದಲ್ಲ. ಸ್ಪ್ರಿಂಗ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದ್ದು ಗಾಡಿಯನ್ನು ನಾಲ್ಕು ಚಕ್ರದ ಮೇಲೆ ಇಳಿಸಿದ ಮೇಲೆ. ಎತ್ತಿಟ್ಟಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಜೂನ್, ಜುಲೈಯ ಮಳೆ ಮುಗಿದ ಮೇಲೆ ಮತ್ತೆ ಕೆಳಗೆ ನುಗ್ಗಿದೆ. ಎಡಗಡೆ 'ಠಣ್'. ಬಲಗಡೆಯದ್ದನ್ನೂ ತಟ್ಟಿದೆ. 'ಠಣ್' ಅಂತಲೇ ಬಂತು, ಆದರೆ ಮೇಲಿನ ಮೂಲೆಯಲ್ಲಿ ಪೇಂಟ್ ಒಂದು ಕಡಲೆಕಾಳಿನಷ್ಟು ಉಬ್ಬಿದೆ. ಚಾಕ್‌ನಲ್ಲಿ ಸುತ್ತ ಗುರುತು ಹಾಕಿಟ್ಟಿದ್ದೇನೆ.