ಹಳೇ ಶಾಲೆಗೆ ಗಾರೆ ಹಿಡಿಸಿದ್ದು

ಸುಣ್ಣದ ಗಾರೆ ಮುಗಿಸಿ ಎರಡು ಮಳೆಗಾಲ ಕಳೆಯಿತು, ಮುಂದಿನ ಗೋಡೆಯಿಂದ ಒಂದು ಹಕ್ಕಳೆಯೂ ಎದ್ದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಹೇಳಿದ್ದರೆ ನಮ್ಮ ಹಿರಿಯೂರು ಸೀಮೆಯ ಮೇಸ್ತ್ರಿಗಳು ಯಾರೂ ಒಪ್ಪುತ್ತಿರಲಿಲ್ಲ.

ನಮ್ಮೂರ ಶಾಲೆ ಮೈಸೂರು ಸರ್ಕಾರದ ಕಾಲದ್ದು. ಎರಡು ಕೋಣೆ, ಪಡಸಾಲೆ, ಮಂಗಳೂರು ಹೆಂಚು, ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ನಮ್ಮಪ್ಪ, ನಾನು ಇಬ್ಬರೂ ಅಲ್ಲೇ ಅಕ್ಷರ ತಿದ್ದಿದವರು. ಮಕ್ಕಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಶೇಂಗಾ ಮೂಟೆ ಪೇರಿಸುವ ಜಾಗವಾಯಿತು. ಕಲ್ಯಾಣ ಮಂಟಪಗಳಿಗೆ ದುಡ್ಡು ಸುರಿದು ಸಾಕಾದ ಊರವರು ಸಮುದಾಯ ಭವನ ಮಾಡೋಣ ಅಂದರು. ಕಾಗದಪತ್ರದ ಓಡಾಟಕ್ಕೇ ಒಂದೂವರೆ ವರ್ಷ ಹೋಯಿತು.

ಮೊದಲು ಕೆಡಿಸಿದವನು ನಾನೇ. 2021ರಲ್ಲಿ ಹೊರಗಿನ ಹಳೇ ಗಾರೆ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿದೆ, ತೊಂಬತ್ತು ಸಾವಿರದ ಹತ್ತಿರ ಖರ್ಚು. ಮರುವರ್ಷ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಅದೇ ಮಳೆ. ನೆಲದಿಂದ ಏರಿದ ತೇವಕ್ಕೆ ಹೊರಬರಲು ದಾರಿಯಿಲ್ಲ. ಸೊಂಟದ ಮಟ್ಟಕ್ಕೆ ಉಪ್ಪೆದ್ದು, ತಟ್ಟಿದರೆ ಡಬಡಬ ಅನ್ನುತ್ತಿತ್ತು. ಕಾರ್ತಿಕದ ಹೊತ್ತಿಗೆ ಚಕ್ಕೆಚಕ್ಕೆಯಾಗಿ ಬಿತ್ತು. ಕೆಡವಿ ಆರ್‌ಸಿಸಿ ಹಾಕೋಣ ಅಂದರು ಊರವರು, ಅಂದಾಜು ಇಪ್ಪತ್ತೆರಡು ಲಕ್ಷ.

ಕೋಡಿ ನೋಡಲು ನಾನೂ ಹೋಗಿದ್ದೆ. 1907ಕ್ಕೆ ಮುಗಿದ ಕಟ್ಟೆ, ಗಾರೆಯಲ್ಲಿ ಕಟ್ಟಿದ್ದು, ಅಷ್ಟು ನೀರು ಹೊತ್ತು ನಿಂತಿದೆ. ನನ್ನ ಪ್ಲಾಸ್ಟರು ಬಿದ್ದಾಗ ಅದೇ ಕಣ್ಣಮುಂದೆ ಬಂತು. ಗಾರೆಯೇ ಸೈ ಅಂದೆ. ಜೊತೆಯ ಮೇಸ್ತ್ರಿಯೊಬ್ಬ, "ಅಣ್ಣಾ, ಸುಣ್ಣಾನ ಎಲೆ ಅಡಿಕೆಗೆ ಇಟ್ಕೋ" ಅಂದ.

ಸುಟ್ಟ ಸುಣ್ಣದ ಕಲ್ಲು ತರಿಸಿ ಗುಂಡಿಯಲ್ಲಿ ನೀರು ಹಾಕಿ ಅರಳಿಸಿದೆ. ಅವಸರಪಟ್ಟು ಐದೇ ದಿನಕ್ಕೆ ತೆಗೆದು ಬಳಸಿದ್ದರಿಂದ, ಅರಳದ ಹರಳುಗಳು ಗೋಡೆಯೊಳಗೇ ಸಿಡಿದು ರೂಪಾಯಿಯಗಲದ ಗುಳಿ ಬಿದ್ದವು. ಹದಿನೈದು ಸಾವಿರ ಮಣ್ಣುಪಾಲು. ಎರಡನೇ ಸಲ ಮೂರು ವಾರ ಬಿಟ್ಟೆ, ಬೆಣ್ಣೆಯಂತಾಯಿತು. ಒಡೆದ ಹೆಂಚನ್ನೇ ಕುಟ್ಟಿಸಿ ಮರಳಿಗೆ ಸೇರಿಸಿದೆ. ಹಳೇ ಕಾಲದವರಂತೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರನ್ನೂ ಗಾರೆಗೆ ಕಲಸಿದೆ. ಎಷ್ಟು, ಯಾವಾಗ ಅನ್ನುವುದು ನನ್ನ ಹತ್ತಿರವೇ ಇರಲಿ. ಪ್ರತಿ ಪದರದ ಮೇಲೂ ಎಂಟ್ಹತ್ತು ದಿನ ಒದ್ದೆ ಗೋಣಿಚೀಲ ಇಳಿಬಿಟ್ಟೆವು, ಅದರಲ್ಲಿ ಮಾತ್ರ ರಾಜಿಯಿಲ್ಲ.

ಹಿಂಬದಿಯ ಒಂದು ಅಂಕಣಕ್ಕೆ ಪಾಪಾಸುಕಳ್ಳಿಯ ಲೋಳೆ ಕಲಸಿ ನೋಡಿದೆ. ನೀರು ಜಾರುತ್ತದೆ ನಿಜ, ಆದರೆ ಅಲ್ಲಲ್ಲಿ ಕೂದಲೆಳೆ ಬಿರುಕು ಬಿಟ್ಟಿದೆ. ಮುಳ್ಳು ಸವರುವುದಕ್ಕೇ ಇಬ್ಬರ ಕೂಲಿ. ಇನ್ನೊಂದು ಮಳೆಗಾಲ ನೋಡುತ್ತೇನೆ.

ನಡುಗೋಡೆ ತೆಗೆದು ಕಬ್ಬಿಣದ ತೊಲೆ ಕೊಟ್ಟದ್ದು, ಹೆಂಚು ಹೊರುವ, ಗೆದ್ದಲು ತಿಂದ ರೀಪು ಬದಲಿಸಿದ್ದು, ನೆಲಕ್ಕೆ ಕಡಪ ಕಲ್ಲು, ಎಲ್ಲ ಸೇರಿ ಆರು ಲಕ್ಷದ ಆಸುಪಾಸು. ಕೆಟ್ಟ ಪ್ಲಾಸ್ಟರೂ ಇದರಲ್ಲೇ ಬಂತು.

ಒಳಗೋಡೆಯ ಸುಣ್ಣ ಕೆರೆಯುವಾಗ ಆರೇಳು ಪದರದ ಕೆಳಗೆ ಗೋಡೆಗೇ ಬಳಿದ ಕರಿಹಲಗೆ ಸಿಕ್ಕಿತು. ಎಡಮೂಲೆಯಲ್ಲಿ ಬಿಳಿ ಬಣ್ಣದ ಎರಡು ಸಾಲು: ಒಟ್ಟು, ಹಾಜರು. ಮುಂದಿನ ಅಂಕಿಗಳು ಅಳಿಸಿದ್ದವು. ಕೆಲಸ ನಿಲ್ಲಿಸಿ ಸುತ್ತ ಗಾರೆಯ ಅಂಚು ಕಟ್ಟಿ ಹಾಗೇ ಉಳಿಸಿದೆ. ಹೋದ ವೈಶಾಖದ ಮದುವೆಯಲ್ಲಿ ಗಂಡು ಹೆಣ್ಣಿನ ಹೆಸರನ್ನು ಅದರ ಮೇಲೇ ಸೀಮೆಸುಣ್ಣದಲ್ಲಿ ಬರೆದರು, ಆ ಎಡಮೂಲೆ ಮುಟ್ಟದೆ.