ಶಿಕ್ಷಕರ ಅಭಿಪ್ರಾಯ ಕೇಳುವ ಮುನ್ನ ಪ್ರಶ್ನಾವಳಿಯನ್ನು ಪರೀಕ್ಷಿಸುವುದು ಹೇಗೆ?

ಭಾಷಾ ಬೋಧನಾ ಪದ್ಧತಿಗಳ ಬಗ್ಗೆ ಶಿಕ್ಷಕರ ಸಮೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಬಂದಾಗ ನಾನು ಹೇಳುವುದಿಷ್ಟು: ನೂರಾರು ಜನರಿಗೆ ಕಳಿಸುವ ಮುನ್ನ ನಾಲ್ಕೈದು ಶಿಕ್ಷಕರ ಪಕ್ಕದಲ್ಲಿ ಕೂತು, ಅವರು ಅದನ್ನು ತುಂಬುವುದನ್ನು ನೋಡಿ.

ಒಂದೊಂದು ಹೇಳಿಕೆಯನ್ನೂ ಗಟ್ಟಿಯಾಗಿ ಓದಿಸಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿಸಿ. ನೀವು ಮಾತ್ರ ಅರ್ಥ ವಿವರಿಸಲು ಹೋಗಬೇಡಿ. ‘ಸಂವಹನ ಪದ್ಧತಿ ಪರಿಣಾಮಕಾರಿ’ ಎಂಬುದಕ್ಕೆ ಇಬ್ಬರು ‘ಒಪ್ಪುತ್ತೇನೆ’ ಎಂದು ಗುರುತು ಹಾಕುತ್ತಾರೆ. ವಿಚಾರಿಸಿದರೆ ಒಬ್ಬರು ಮಕ್ಕಳನ್ನು ಜೋಡಿಯಾಗಿ ಕೂರಿಸಿ ಮಾತಾಡಿಸುವುದನ್ನು ನೆನೆದಿರುತ್ತಾರೆ, ಇನ್ನೊಬ್ಬರು ವ್ಯಾಕರಣವನ್ನೇ ಕೈಬಿಡುವುದನ್ನು. ಈ ಎರಡು ಗುರುತುಗಳನ್ನು ಕೂಡಿಸಿ ಸರಾಸರಿ ತೆಗೆದರೆ ಏನು ತಿಳಿದಂತಾಯಿತು? ಪದ್ಧತಿಯ ಹೆಸರು ತೆಗೆದುಹಾಕಿ, ತರಗತಿಯಲ್ಲಿ ಕಣ್ಣಿಗೆ ಕಾಣುವ ಕೆಲಸವನ್ನು ಬರೆಯಿರಿ: ‘ಉದಾಹರಣೆ ಕೊಡುವ ಮೊದಲೇ ನಿಯಮ ವಿವರಿಸುತ್ತೇನೆ.’

‘ಹೀಗೆ ಕಲಿಸಬೇಕು’ ಮತ್ತು ‘ಹೀಗೆ ಕಲಿಸುತ್ತೇನೆ’ ಎಂಬುವು ಬೇರೆ ಬೇರೆ ಭಾಗಗಳಲ್ಲಿರಲಿ. ಮಾತಿಗೆ ಒತ್ತು ಕೊಡಬೇಕೆಂದು ಮನಸಾರೆ ನಂಬಿದವರೂ ಬರವಣಿಗೆಯ ಪರೀಕ್ಷೆ ಹತ್ತಿರ ಬಂದಾಗ ವ್ಯಾಕರಣದ ಅಭ್ಯಾಸ ಮಾಡಿಸುತ್ತಾರೆ. ಅದು ಅವರ ಸುಳ್ಳಲ್ಲ, ಪರಿಸ್ಥಿತಿಯ ಒತ್ತಡ. ನನ್ನ ಮಟ್ಟಿಗೆ ಇಡೀ ಸಮೀಕ್ಷೆಯಲ್ಲಿ ತಿಳಿಯಬೇಕಾದ್ದೇ ಈ ಅಂತರ.

‘ಭಾಷಾಂತರವೂ ಕಂಠಪಾಠವೂ ಉಪಯುಕ್ತ’ ಎಂಬಂಥ ಹೇಳಿಕೆಗಳನ್ನು ಎರಡಾಗಿ ಒಡೆಯಿರಿ.

ಆಮೇಲೆ ಅಂಕಿಗಳ ಸರದಿ. ಪ್ರಶ್ನಾವಳಿಯನ್ನು ಪ್ರಯೋಗಕ್ಕೆಂದು ತುಂಬಿಕೊಡಲು, ಮುಖ್ಯ ಸಮೀಕ್ಷೆಯವರನ್ನೇ ಹೋಲುವ ಸುಮಾರು 30 ಶಿಕ್ಷಕರು ಸಿಕ್ಕರೆ ಒಳ್ಳೆಯದು. ಅವರನ್ನು ಮುಖ್ಯ ಸಮೀಕ್ಷೆಗೆ ಮತ್ತೆ ಸೇರಿಸಬೇಡಿ. ಎಲ್ಲರೂ ಒಂದೇ ಉತ್ತರ ಕೊಟ್ಟ ಹೇಳಿಕೆ ಅಭಿಪ್ರಾಯಭೇದವನ್ನು ತೋರಿಸದು. ಉತ್ತರಗಳಿಗೆ 1ರಿಂದ (‘ಒಪ್ಪುವುದೇ ಇಲ್ಲ’) 5ರವರೆಗೆ (‘ಪೂರ್ತಿ ಒಪ್ಪುತ್ತೇನೆ’) ಅಂಕ ಕೊಟ್ಟಿದ್ದರೆ, ಪದ್ಧತಿಗೆ ವಿರುದ್ಧವಾಗಿ ಬರೆದ ನಕಾರಾತ್ಮಕ ಹೇಳಿಕೆಗಳ ಅಂಕಗಳನ್ನು ತಿರುಗಿಸಿ, 5 ಇದ್ದದ್ದನ್ನು 1 ಮಾಡಿ. ಇದಾದ ಮೇಲೆಯೇ ಕ್ರೋನ್‌ಬ್ಯಾಕ್ ಆಲ್ಫಾ ಲೆಕ್ಕ, ಅಂದರೆ ಒಂದು ಗುಂಪಿನ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಸಂಖ್ಯೆ. ನಿಯಮ ಮತ್ತು ಅನುವಾದದ ಮೂಲಕ ಕಲಿಸುವ ವ್ಯಾಕರಣ-ಭಾಷಾಂತರ ಪದ್ಧತಿಯ ಹೇಳಿಕೆಗಳಿಗೆ ಒಂದು ಆಲ್ಫಾ, ಸಂವಹನ ಪದ್ಧತಿಯ ಹೇಳಿಕೆಗಳಿಗೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. 0.70 ದಾಟಿದರೆ ಸಾಕೆನ್ನುವುದು ರೂಢಿ. ಆದರೆ ಒಂದೇ ಮಾತನ್ನು ಆರು ಬಗೆಯಲ್ಲಿ ಕೇಳಿದರೂ ಆಲ್ಫಾ ಏರುತ್ತದೆ, ಆ ಏರಿಕೆಯನ್ನು ನಂಬಬೇಡಿ. ಕಡಿಮೆ ಬಂತೆಂದು ಹೇಳಿಕೆಯನ್ನು ತಕ್ಷಣ ಅಳಿಸಲೂಬೇಡಿ. ಶಿಕ್ಷಕರು ಗಟ್ಟಿಯಾಗಿ ಓದುವಾಗ ನೀವು ಬರೆದುಕೊಂಡ ಟಿಪ್ಪಣಿ ತೆಗೆದು, ಅವರು ತಡವರಿಸಿದ್ದು ಎಲ್ಲಿ ಎಂದು ನೋಡಿ.

ತಿದ್ದಿದ ಹೇಳಿಕೆಗಳನ್ನು ಮತ್ತೆ ಓದಿಸುವಾಗ, ಹಳೆಯದನ್ನು ನೋಡಿಯೇ ಇರದ ಶಿಕ್ಷಕರನ್ನು ಹುಡುಕಿ.